ಒರೆ ಇಲ್ಲದ ಕತ್ತಿ

ಪ್ರೀತಿಯ ಕಾಫಿಪುಡಿ,

ಕೈಲ್‌ಪೊಳ್ದ್ ಎಂಬ ನಿಮ್ಮ ಕೊಡಗಿನ ಆಯುಧಪೂಜೆ ಹಬ್ಬದ ಗದ್ದಲ ಮುಗಿದು ಮನೆ ತಣ್ಣಗಾಗಿರಬೇಕು. ಫೋನ್ ಮಾಡಿದರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಯಾಕೆಂದರೆ ನನ್ನ ಕಥೆಯ ಆ ಅಧ್ಯಾಯವನ್ನೂ ಎಲ್ಲರಿಗೂ ಕಾಣುವ ಹಾಗೇ ಹಾಕಿದ್ದೆ. (ಎಂಟನೇ ತೆಂಗಿನಕಾಯಿ ವಿಷಯ ಇಲ್ಲಿ ಎತ್ತುವುದಿಲ್ಲ. ಹೆದರಬೇಡ.)

ಅಧ್ಯಾಯ ಓದಿ ನೀನು ಒಂದೇ ಸಾಲು ಕಳಿಸಿದೆ: ‘ಒಡಿಕತ್ತಿಗೆ ಒರೆ ಎಲ್ಲಿಂದ ಬಂತೋ?’

ಓದುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ನೀನು ಸುಮ್ನೆ ಕೂತಿರು. ನನ್ನ ಮಾಯಾಲೋಕದ ಕಥೆಯಲ್ಲಿ ರಾತ್ರಿ ಬಂದು ಕೊಂದು ಹೋಗುವ ಒಂದು ಗುಂಪಿದೆ. ಅವರ ಬೆನ್ನಿಗೆ ಅಗಲವಾದ, ಒಳಕ್ಕೆ ಬಾಗಿದ ಕತ್ತಿ ಕಟ್ಟಿದ್ದೆ. ಹೆಸರು ಬದಲಿಸಿದ್ದೆ, ಆದರೆ ಕೊಡಗಿನ ಯಾವ ಮಗುವಿಗೆ ತೋರಿಸಿದರೂ ಒಡಿಕತ್ತಿ ಅನ್ನುತ್ತದೆ. ಒಮ್ಮೆ ಒರೆಯಿಂದ ಹಿರಿದರೆ ರಕ್ತ ಕಾಣದೆ ಅದು ಒರೆಗೆ ಮರಳುವುದಿಲ್ಲ ಅಂತ ಬರೆದಿದ್ದೆ. ಆ ಸಾಲನ್ನೇ ಜನ ಜಾಸ್ತಿ ಮೆಚ್ಚಿದರು.

ಒಡಿಕತ್ತಿಗೆ ಒರೆಯೇ ಇಲ್ಲ. ಸೊಂಟದ ಹಿಂದೆ ತೊಡಂಗ್ ಅಂತ ಹಿತ್ತಾಳೆಯ ಕೊಂಡಿ ಇರುತ್ತದೆ, ಕತ್ತಿ ಬರಿದಾಗಿಯೇ ಅದರಲ್ಲಿ ಕೂರುತ್ತದೆ. ಒರೆ ಇರುವುದು ಪೀಚೆಕತ್ತಿಗೆ. ಕುಪ್ಯ ಅನ್ನುವ ಉದ್ದ ಕೋಟಿನ ಮೇಲೆ ಚೇಲೆ ಅನ್ನುವ ಸೊಂಟದ ಬಟ್ಟೆ ಸುತ್ತಿ ಮುಂದೆ ಸಿಕ್ಕಿಸುತ್ತಾರಲ್ಲ, ಆ ಸಣ್ಣದಕ್ಕೆ. ನಿನ್ನ ಮದುವೆಯಲ್ಲಿ ಒಡಿಕತ್ತಿಯ ಒಂದೇ ಏಟಿಗೆ ಬಾಳೆದಿಂಡು ಉರುಳಿದಾಗ ನಾನು ಹತ್ತು ಅಡಿ ದೂರದಲ್ಲಿ ನಿಂತಿದ್ದೆ. ಕತ್ತಿ ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು ಅಂತ ನೋಡಿರಲಿಲ್ಲ. ಅಲಗು ಮಾತ್ರ ನೋಡಿದ್ದೆ.

ಒರೆ ಅಳಿಸಿಬಿಟ್ಟರೆ ತಪ್ಪು ಸರಿಹೋಗುತ್ತದೆ ಅಂದುಕೊಂಡೆ. ಅಳಿಸಿದೆ. ಸರಿಹೋಗಲಿಲ್ಲ.

ನಿಮ್ಮಲ್ಲಿ ನಾಟಿ ಕೆಲಸದ ದಿನಗಳಲ್ಲಿ ಆಯುಧಗಳು ಕನ್ನಿಕೋಂಬರೆ ಸೇರುತ್ತಿದ್ದವು, ಹಿರಿಯರನ್ನು ನೆನೆಯುವ ಆ ಕೋಣೆಗೆ. ಕಕ್ಕಡ ತಿಂಗಳ ಮಳೆಯಲ್ಲಿ ಕೈಗೆ ಬೇಕಾದದ್ದು ಪೈರು, ಕತ್ತಿಯಲ್ಲ. ನಾಟಿ ಮುಗಿದು ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್‌ಪೊಳ್ದ್ ಬಂದಾಗ ಎಲ್ಲ ಹೊರಗೆ ಬರುತ್ತವೆ. ಒರೆಸಿ, ಗಂಧ ಹಚ್ಚಿ, ದೀಪದ ಮುಂದೆ ಇಡುತ್ತೀರಿ. ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೀರಿ. ಬೆಂಕಿಯ ಬಣ್ಣದ ಆ ಹೂವನ್ನು ನಿಮ್ಮ ಬೇಲಿಯಲ್ಲಿ ಎಷ್ಟು ಸಲ ನೋಡಿದ್ದೇನೆ, ಅದು ಕೋವಿಯ ಹೂವು ಅಂತ ನಿಮ್ಮ ಅವ್ವ ಹೇಳುವವರೆಗೆ ಗೊತ್ತಿರಲಿಲ್ಲ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಕೊಯ್ದಾಗಲೂ ಗುಂಡಿನ ಸದ್ದು. ಕೋವಿಯೂ ಒಡಿಕತ್ತಿಯೂ ಇಡೀ ಸಂಸಾರದ ಜೊತೆ ಬದುಕುವ ವಸ್ತುಗಳು. ನಾನು ಆ ಕತ್ತಿಯನ್ನು ಯಾರ ಬೆನ್ನಿಗೆ ಕಟ್ಟಿದೆ ಹೇಳು? ನನ್ನ ಕೊಲೆಗಾರರಿಗೆ ಮನೆಯೇ ಇರಲಿಲ್ಲ. ಅವ್ವ ಇಲ್ಲ, ಗದ್ದೆ ಇಲ್ಲ, ದೀಪ ಇಲ್ಲ.

ಇದು ಬರೀ ಕಥೆಯ ಮಾತಲ್ಲ. ನಿಮ್ಮವರ ಕೋವಿಗೆ ಲೈಸೆನ್ಸ್ ಬೇಡ ಎಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ 2029ರವರೆಗೆ ಮುಂದುವರಿಸಿತು. ಅದನ್ನೂ ಪ್ರಶ್ನಿಸಿ ಕೆಲವರು ಕೋರ್ಟಿಗೆ ಹೋದರು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಆ ದಿನ ನೀನು ಎಷ್ಟು ಹೊತ್ತು ಮಾತಾಡಿದ್ದೆ ನೆನಪಿದೆಯಾ? ‘ನಮ್ಮ ಮನೆಯ ಗೋಡೆ ನೋಡಿದರೆ ಜನಕ್ಕೆ ಜಗಳವೇ ಕಾಣುತ್ತದಲ್ಲೋ’ ಅಂದಿದ್ದೆ. ನಾನು ಹೌದು ಹೌದು ಅಂದಿದ್ದೆ. ಆಮೇಲೆ ಕೂತು ಅದೇ ಜಗಳವನ್ನು ಬರೆದೆ.

ಇನ್ನೊಂದಿದೆ. ಇದನ್ನು ಬರೆಯಬೇಕು ಅಂತ ಇರಲಿಲ್ಲ.

ನಿನ್ನ ಅಜ್ಜ ತೀರಿಕೊಂಡ ಬೆಳಿಗ್ಗೆ ನಾನು ನಿಮ್ಮ ಅಂಗಳದಲ್ಲಿದ್ದೆ. ಎರಡು ಗುಂಡು ಹಾರಿತು. ಎರಡನೆಯದರ ಸದ್ದು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬಂತು. ನೀನು ನನ್ನ ಭುಜ ಹಿಡಿದುಕೊಂಡಿದ್ದೆ. ಆಗ ನನ್ನ ತಲೆಯಲ್ಲಿ ಮೊದಲು ಬಂದದ್ದು ಏನು ಗೊತ್ತಾ? ಒಂದು ದೃಶ್ಯ. ಮಂಜು, ಬೆಟ್ಟ, ಎರಡು ಸದ್ದು, ಕೊಲೆಗಾರರಿಗೆ ಸನ್ನೆ. ಸಂಜೆ ಬಸ್ಸಿನಲ್ಲಿ ಅದನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಮೂರನೇ ಅಧ್ಯಾಯ ಶುರುವಾಗುವುದೇ ಆ ಎರಡು ಸದ್ದಿನಿಂದ. ನೀನು ಓದಿದ್ದೀಯ. ಗುರುತು ಹಿಡಿದಿರುತ್ತೀಯ. ಆದರೂ ಒರೆ ಒಂದನ್ನೇ ಕೇಳಿದೆ. ಆ ರಾತ್ರಿ ನಾನು ಮಲಗಲಿಲ್ಲ ಕಣೋ.

ಅಧ್ಯಾಯ ತೆಗೆದುಹಾಕಿದ್ದೇನೆ. ಕೊಲೆಗಾರರಿಗೆ ಯಾವ ಊರಿನದ್ದೂ ಅಲ್ಲದ, ನಾನೇ ಕಟ್ಟಿದ ಆಯುಧ ಕೊಡುತ್ತೇನೆ. ಒಡಿಕತ್ತಿ ಬಂದರೆ ಮನೆಯೊಳಗಿಂದಲೇ ಬರಬೇಕು. ಒಂದು ಕಥೆ ಕಾಣುತ್ತಿದೆ: ನಾಟಿ ಅರ್ಧ ಆಗಿದೆ. ಆಯುಧಗಳು ಒಳಗಿವೆ. ಶತ್ರು ಹೊಳೆ ದಾಟಿದ್ದಾನೆ. ಮನೆಯ ಹುಡುಗಿ ಬಾಗಿಲ ಮುಂದೆ ಕೆಸರುಗಾಲಲ್ಲಿ ನಿಂತಿದ್ದಾಳೆ. ಹಬ್ಬಕ್ಕೆ ಮೊದಲೇ ಒಳಗೆ ಕೈ ಹಾಕಬಹುದಾ? ಯಾರನ್ನು ಕೇಳಬೇಕು? ಇದು ನನಗೆ ಗೊತ್ತಿಲ್ಲದ್ದು. ನಿಮ್ಮ ಅವ್ವನಿಗೆ ಓದಿ ಹೇಳು. ಕೋಣೆಯೊಳಗಿನ ಮಾತು ಒಂದನ್ನೂ ಅವರು ಒಪ್ಪದೆ ಬರೆಯುವುದಿಲ್ಲ. ಬೇಡ ಅಂದರೆ ಹುಡುಗಿ ಬಾಗಿಲಲ್ಲೇ ನಿಲ್ಲಲಿ. ಅಜ್ಜನ ಎರಡು ಗುಂಡು ಮಾತ್ರ ಯಾವ ಪುಸ್ತಕಕ್ಕೂ ಬರುವುದಿಲ್ಲ.

ಸರಿ, ಸಾಕು. ಹಬ್ಬದ ಅಕ್ಕಿ ಕಡುಬು, ನಿಮ್ಮ ಕಡಂಬುಟ್ಟು, ಉಳಿದಿದ್ದರೆ ಫೋಟೊ ಕಳಿಸಿ ಹೊಟ್ಟೆ ಉರಿಸಬೇಡ. ಇಲ್ಲಿ ಹುಳಿಗೆ ಹಾಕುವ ಕಾಚಂಪುಳಿ ಬಾಟಲಿ ಖಾಲಿಯಾಗಿದೆ. ಬಸ್ಸಿನಲ್ಲಿ ಮಾತ್ರ ಕಳಿಸಬೇಡ, ಆ ಕಂಡಕ್ಟರ್ ಇನ್ನೂ ನಮ್ಮಿಬ್ಬರನ್ನು ಮರೆತಿಲ್ಲ. ದಸರಾ ರಜೆಗೆ ನಾನೇ ಬರುತ್ತೇನೆ.

ನಿನ್ನ,
ರೂಮ್ ನಂಬರ್ 14