ರ‍್ಯಾಂಪ್ ಆಯ್ತು, ನೋಟ್ಸ್ ಯಾವಾಗ?

ಮಾನ್ಯ ಸಂಪಾದಕರೇ,

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಹಾಕಿಕೊಂಡಿದ್ದೇನೆ. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ, ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ನಲ್ಲಿ ಇರಬೇಕು ಅಷ್ಟೇ.

ನಮ್ಮ ವಿಭಾಗದ ನೋಟ್ಸ್ ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಬರುತ್ತವೆ. ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ರೂಪ. ಕಣ್ಣಿರುವವರಿಗೆ ಅದು ಚೆಂದದ ಕನ್ನಡ. ನನ್ನ ಹೆಡ್‌ಫೋನಿನಲ್ಲಿ ಮಾತ್ರ ‘ಕನ್ನಡ’ ಎಂಬ ಪದವೇ ‘ಪಿ, ಎ, ಪೌಂಡ್’ ಎಂದು ಶುರುವಾಗುತ್ತದೆ. ಇಡೀ ಪಂಪಭಾರತ ಹೀಗೆ ಕೇಳಿದರೆ ಹೇಗಿರುತ್ತದೆ, ನೀವೇ ಊಹಿಸಿ! ಉಳಿದವು ವಾಟ್ಸ್ಆ್ಯಪ್‌ಗೆ ಹಾಕುವ ಕೈಬರಹದ ಫೋಟೊಗಳು. ಗೆಳತಿ ರಾತ್ರಿ ಕೂತು ಓದಿ, ರೆಕಾರ್ಡ್ ಮಾಡಿ ಕಳಿಸುತ್ತಾಳೆ. ಅವಳಿಗೂ ಪರೀಕ್ಷೆ ಇರುತ್ತದೆ ಅಲ್ವಾ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಮ್ಮಂಥವರಿಗೆ ಕನಿಷ್ಠ ಶೇ 5ರಷ್ಟು ಸೀಟು ಕೊಟ್ಟಿದೆ. ಸೀಟು ಸಿಕ್ಕಿತು, ಬಾಗಿಲಲ್ಲಿ ರ‍್ಯಾಂಪೂ ಬಂತು. ಗಾಲಿಕುರ್ಚಿಯವರಿಗೆ ಅದು ಬೇಕೇ ಬೇಕು. ಆದರೆ ಒಳಗೆ ಬಂದವರು ಏನು ಓದಬೇಕು?

ಪರೀಕ್ಷೆಯದು ಇನ್ನೊಂದು ಕಥೆ. ನಾವು ಹೇಳಿದ ಉತ್ತರ ಬರೆಯಲು ಸ್ವಂತ ಬರಹಗಾರರನ್ನು ಕರೆತಂದರೆ, ಅವರ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಎನ್ನುತ್ತಿತ್ತು ಕೇಂದ್ರದ 2018ರ ಮಾರ್ಗಸೂಚಿ. ಅಂದರೆ ಎಂ.ಎ.ಗೆ ಡಿಗ್ರಿಯವರು ನಡೆಯುತ್ತಿದ್ದರು. ನನಗೆ ಮಾತ್ರ ‘ಪಿಯುಸಿಯವರೇ ಆಗಬೇಕು’ ಎಂದರು. ವಾದ ಮಾಡುತ್ತಾ ನಿಂತರೆ ಪರೀಕ್ಷೆ ತಪ್ಪುತ್ತದೆ, ಸುಮ್ನೆ ಒಪ್ಪಿಕೊಂಡೆ. ಹಳಗನ್ನಡ ಪತ್ರಿಕೆಯ ದಿನ, ಈಗ ಬಳಕೆಯಲ್ಲಿಲ್ಲದ ‘ೞ’ ಅಕ್ಷರ ಬರೆಯಲು ಹೇಳಿದಾಗ ಆ ಹುಡುಗಿ ಪೆನ್ನು ನಿಲ್ಲಿಸಿದಳು. ‘ಅಕ್ಕಾ, ಅದು ನೋಡೋಕೆ ಹೇಗಿರುತ್ತೆ?’ ಎಂದು ನನ್ನನ್ನೇ ಕೇಳಿದಳು! ಪಾಪ, ಅವಳದೇನು ತಪ್ಪು? ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಎಂದೂ ಅದೇ ನಿಯಮಗಳಲ್ಲಿತ್ತು. ಆದರೆ ಅರ್ಧ ಸಮಯ ಕಾಗುಣಿತ ಹೇಳುವುದರಲ್ಲೇ ಹೋಯಿತು.

ನಾನು ಕೇಳುತ್ತಿರುವುದಕ್ಕೆ ಜಾಸ್ತಿ ಖರ್ಚಿಲ್ಲ. ನುಡಿ ತಂತ್ರಾಂಶದಲ್ಲೇ ಯೂನಿಕೋಡ್ ಆಯ್ಕೆ ಇದೆ. ಹಳೆಯ ಫೈಲುಗಳನ್ನು ಬದಲಾಯಿಸುವ ಉಚಿತ ಪರಿವರ್ತಕಗಳೂ ಇವೆ. ಮುಂದಿನ ಸೆಮಿಸ್ಟರ್‌ಗೆ ಮೊದಲೇ ಕುಲಸಚಿವರು ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಲಿ. ಬರಹಗಾರರ ಈಗಿನ ನಿಯಮವನ್ನೂ ಅದರಲ್ಲೇ ಸೇರಿಸಿ, ಪ್ರತಿ ಪರೀಕ್ಷಾ ಕೇಂದ್ರಕ್ಕೂ ಕಳಿಸಲಿ.

– ಎಂ.ಎ. ವಿದ್ಯಾರ್ಥಿನಿ
(ಪರೀಕ್ಷೆ ಬಾಕಿ ಇದೆ, ಹೆಸರು ಬೇಡ)