ಟ್ರ್ಯಾಕ್ ಪ್ರವಾಸ ಇನ್ನು ಶುಕ್ರವಾರ ಬೆಳಗ್ಗೆ ಹೊರಡುತ್ತದೆ

ಪ್ರಿಯ ಗ್ರಾಹಕರೇ, ನಮಸ್ಕಾರ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿನಲ್ಲಿ ನಿಮ್ಮ ಕಾರನ್ನೇ ಓಡಿಸಲು ನಾವು ಏರ್ಪಡಿಸುವ ವಾರಾಂತ್ಯದ ಪ್ರವಾಸದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಇಲ್ಲಿಯವರೆಗೆ ಶನಿವಾರ ಹೊರಟು, ಭಾನುವಾರ ಟ್ರ್ಯಾಕ್ ಮುಗಿಸಿ, ಅದೇ ಸಂಜೆ ವಾಪಸ್ ಹೊರಡುತ್ತಿದ್ದೆವು. ಇನ್ನು ಮುಂದೆ ಶುಕ್ರವಾರ ಬೆಳಗ್ಗೆಯೇ ಗೋಣಿಕೊಪ್ಪ ಬಿಡುತ್ತೇವೆ. ಶನಿವಾರ ಟ್ರ್ಯಾಕ್. ಆ ರಾತ್ರಿಯೂ ಕೊಯಮತ್ತೂರಿನಲ್ಲೇ ತಂಗಿ, ಭಾನುವಾರ ತಿಂಡಿ ತಿಂದು ಊರಿನ ದಾರಿ ಹಿಡಿಯುತ್ತೇವೆ.

ಒಂದು ದಿನ ರಜೆ ಜಾಸ್ತಿ ಹಾಕಬೇಕು, ಒಂದು ರಾತ್ರಿಯ ರೂಮ್ ಬಾಡಿಗೆಯೂ ಜಾಸ್ತಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಶುಕ್ರವಾರ ತೋಟ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ನಮಗೂ ಗೊತ್ತು. ಆದರೂ ಈ ತೀರ್ಮಾನಕ್ಕೆ ಬಂದದ್ದು ಕಾಡಿನ ಗೇಟಿನಿಂದ.

ನಮ್ಮ ದಾರಿ ತಿತಿಮತಿ, ಹುಣಸೂರು, ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುತ್ತದೆ. ಆ ಕಾಡಿನ ರಸ್ತೆಗೆ ರಾತ್ರಿ ನಿರ್ಬಂಧ ಇದೆ. ಊಟಿ ಕಡೆಯಿಂದ ಬರೋಣ ಅಂದರೆ ಬಂಡೀಪುರ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ನೀಲಗಿರಿಗೆ ಇ-ಪಾಸ್ ಬೇರೆ ಬೇಕು. ಹಾಗಾಗಿ ಟ್ರ್ಯಾಕಿನಿಂದ ಸಂಜೆ ಹೊರಬಿದ್ದವರ ಕಣ್ಣೆಲ್ಲ ಗಡಿಯಾರದ ಮೇಲೇ. ಗೇಟು ಹಾಕುವುದರೊಳಗೆ ಘಾಟಿಯ ಬುಡದ ಬಣ್ಣಾರಿ ಮುಟ್ಟಬೇಕು ಅಂತ ಒಬ್ಬರ ಹಿಂದೆ ಒಬ್ಬರು ಓಡಿಸುತ್ತಾರೆ. ದಿನವಿಡೀ ವೇಗಕ್ಕೆ ಒಗ್ಗಿದ ಕಾಲು, ದಣಿದ ಕಣ್ಣು, ಎದುರಿಗೆ ಲಾರಿ, ಬಸ್ಸು. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ತಿರುವಿನಲ್ಲಿ ಬಾವುಟ ತೋರಿಸುವವರು ನಿಂತಿರುತ್ತಾರೆ. ರಸ್ತೆಯಲ್ಲಿ ಇದ್ಯಾವುದೂ ಇಲ್ಲ. ಇಡೀ ಪ್ರವಾಸದಲ್ಲಿ ನಮಗೆ ಹೆಚ್ಚು ಭಯ ಆಗುವುದು ಸಂಜೆಯ ಆ ಎರಡು ಗಂಟೆಗಳ ಓಟಕ್ಕೇ. ಅದನ್ನೂ ದಾಟಿ ಬಂದರೆ ತಿತಿಮತಿ, ಆನೆಚೌಕೂರು ಹತ್ತಿರ ಕತ್ತಲಲ್ಲಿ ಆನೆ. ಭಾನುವಾರ ಬೆಳಗ್ಗೆ ನಿದ್ದೆ ಮಾಡಿ ಎದ್ದು ಹೊರಟರೆ ಈ ಅವಸರವೇ ಇರುವುದಿಲ್ಲ.

ಇನ್ನೊಂದು ಬದಲಾವಣೆ ಬ್ರೇಕಿನದು. ಹೊರಡುವ ವಾರದಲ್ಲಿ ನಿಮ್ಮ ಕಾರನ್ನು ನಮ್ಮ ಗ್ಯಾರೇಜಿಗೆ ತಂದು ಬ್ರೇಕ್ ಆಯಿಲ್ ಪರೀಕ್ಷೆ ಮಾಡಿಸಲೇಬೇಕು. ಪರೀಕ್ಷೆಗೆ ದುಡ್ಡಿಲ್ಲ, ಆಯಿಲ್ ಬದಲಿಸಿದರೆ ಅದರ ಬೆಲೆ ಮಾತ್ರ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದೆ, ಅದೂ ನಮ್ಮ ಕೊಡಗಿನ ಮಳೆಗಾಲದಲ್ಲಿ! ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕರಿ ಟ್ರ್ಯಾಕ್ ಎರಡು ಕಿಲೋಮೀಟರಿಗೆ ಸ್ವಲ್ಪ ಮೇಲಷ್ಟೇ, ತಿರುವು ಮೇಲೆ ತಿರುವು. ಬ್ರೇಕ್ ಆರಲು ಪುರುಸೊತ್ತೇ ಸಿಗುವುದಿಲ್ಲ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ತಳ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಬಾನೆಟ್ ಎತ್ತಿ ಡಬ್ಬಿ ನೋಡಿ. ಹೊಸ ಆಯಿಲ್ ತೆಳು ಹಳದಿ ಇರುತ್ತದೆ. ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಪರೀಕ್ಷೆಗೂ ಕಾಯಬೇಡಿ, ಬದಲಿಸಿಬಿಡಿ. ಟ್ರ್ಯಾಕಿನಲ್ಲಿ ಪ್ರತಿ ಸಲ ಓಡಿಸಿದ ಕೊನೆಗೆ ಒಂದು ಸುತ್ತು ನಿಧಾನವಾಗಿ ಹೋಗಿ ಬ್ರೇಕ್ ತಣಿಸಿ. ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ಬಿಡಿ.

ಟೈರ್ ಕೂಡ ನೋಡುತ್ತೇವೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದಲ್ವಾ, 3221 ಅಂದರೆ 2021ರ 32ನೇ ವಾರ ತಯಾರಾದದ್ದು. ತೀರಾ ಹಳೆಯದಾದರೆ, ಬಿರುಕು ಬಿಟ್ಟಿದ್ದರೆ ಕರೆದುಕೊಂಡು ಹೋಗುವುದಿಲ್ಲ. ಜಿಪ್ಸಿ, ಜೀಪು ತರಬಹುದಾ ಅಂತ ಕೇಳುವವರು ತುಂಬಾ ಜನ. ನಮಗೂ ಜಿಪ್ಸಿ ಅಂದರೆ ಪ್ರಾಣ. ಆದರೆ ಎತ್ತರದ ಗಾಡಿ, ಟಾರಿನ ತಿರುವಿನಲ್ಲಿ ಮಗುಚುವ ಅಪಾಯ ಜಾಸ್ತಿ. ಅದು ನಮ್ಮ ಗದ್ದೆಯ ಆಟೋಕ್ರಾಸ್‌ಗೇ, ಅಂದರೆ ಮಣ್ಣಿನ ಓಟಕ್ಕೇ ಇರಲಿ.

‘ಗುಂಪು ಯಾಕೆ, ನಾವೇ ಹೋಗಿ ದುಡ್ಡು ಕಟ್ಟಿ ಓಡಿಸಬಾರದಾ?’ ಅಂತಲೂ ಕೇಳುತ್ತೀರಿ. ಹಾಗೆ ನಡೆಯುವುದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನಲ್ಲಿ. 1927ರಲ್ಲಿ ತೆರೆದ ಅದರ 20.8 ಕಿಲೋಮೀಟರಿನ ನಾರ್ತ್ ಲೂಪ್‌ಗೆ, ಸಾರ್ವಜನಿಕರಿಗೆ ಬಿಡುವ ದಿನಗಳಲ್ಲಿ ಟೋಲ್ ಕಟ್ಟಿ ನಿಮ್ಮ ಸ್ವಂತ ಕಾರಿನಲ್ಲೇ ಇಳಿಯಬಹುದು. ನಮ್ಮಲ್ಲಿ ಟ್ರ್ಯಾಕ್ ಡೇ (ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ನಡೆಸುವವರ ಬಳಿ ಮೊದಲೇ ಹೆಸರು ಕೊಟ್ಟು ಜಾಗ ಹಿಡಿಯಬೇಕು. ಶನಿವಾರದ ಟ್ರ್ಯಾಕ್ ಡೇಗಳನ್ನೇ ಹುಡುಕಿ ಆ ಕೆಲಸ ನಾವು ಮಾಡುತ್ತೇವೆ.

ವಿಮೆಯ ಬಗ್ಗೆ ಒಂದು ಮಾತು. ಸಾಮಾನ್ಯ ಕಾರ್ ಪಾಲಿಸಿಯಲ್ಲಿ ರೇಸ್, ವೇಗದ ಪರೀಕ್ಷೆಗೆ ರಕ್ಷಣೆ ಇರುವುದಿಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ. ಇದನ್ನು ಮನೆಯವರ ಜೊತೆ ಮಾತಾಡಿಯೇ ಬನ್ನಿ.

ನಮ್ಮ ಶುಲ್ಕ ಏರಿಸಿಲ್ಲ. ಎರಡನೇ ರಾತ್ರಿಯ ರೂಮ್ ಬಾಡಿಗೆ ಮಾತ್ರ ಸೇರುತ್ತದೆ, ಇಬ್ಬರು ಹಂಚಿಕೊಂಡರೆ ಅರ್ಧ. ಈಗಾಗಲೇ ಮುಂಗಡ ಕೊಟ್ಟವರಿಗೆ ಶುಕ್ರವಾರ ಆಗದಿದ್ದರೆ ಪೂರ್ತಿ ಹಣ ವಾಪಸ್, ಇಲ್ಲವೇ ಮುಂದಿನ ಪ್ರವಾಸಕ್ಕೆ ಹೊಂದಿಸಿಕೊಳ್ಳುತ್ತೇವೆ. ಯಾವುದು ಬೇಕು ಅಂತ ಈ ತಿಂಗಳೊಳಗೆ ಗ್ಯಾರೇಜಿಗೆ ಬಂದೋ ಫೋನ್ ಮಾಡಿಯೋ ತಿಳಿಸಿ. ಬರುವಾಗ ಕಾರನ್ನೂ ತನ್ನಿ, ಬ್ರೇಕ್ ಆಯಿಲ್ ಅವತ್ತೇ ನೋಡಿಬಿಡೋಣ.

ಇಂತಿ,
ನಿಮ್ಮ ಗ್ಯಾರೇಜ್ ಬಳಗ
ಗೋಣಿಕೊಪ್ಪ