ಎಕ್ಸ್‌ಟೆನ್ಷನ್ ಬೋರ್ಡ್‌ನಿಂದ ಕಾರು ಚಾರ್ಜ್ ಮಾಡಬೇಡಿ

ಮಾನ್ಯರೇ,

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಎಲೆಕ್ಟ್ರಿಕ್ ಕಾರು ಹೆಚ್ಚುತ್ತಿವೆ, ವೈರಿಂಗ್ ಮಾತ್ರ ಹಳೆಯದೇ. 3.3 ಕಿಲೊವಾಟ್‌ನ ಪೋರ್ಟಬಲ್ ಚಾರ್ಜರ್ 230 ವೋಲ್ಟ್‌ನಲ್ಲಿ ಸುಮಾರು 14 ಆಂಪಿಯರ್ ಎಳೆಯುತ್ತದೆ, ಅದೂ ರಾತ್ರಿಯಿಡೀ. ಗೀಸರ್ ಹೆಚ್ಚುಕಡಿಮೆ ಇಷ್ಟೇ ಎಳೆದರೂ ನೀರು ಕಾದೊಡನೆ ತಾನೇ ಆಫ್ ಆಗುತ್ತದೆ. ಅದಕ್ಕೆ ತಡೆದ ಸಾಕೆಟ್ ಇದಕ್ಕೂ ತಡೆದೀತೆಂದು ನಂಬಬೇಡಿ, ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಬೇಡವೇ ಬೇಡ. ಸ್ಕ್ರೂ ಸಡಿಲವಿದ್ದಲ್ಲಿ ರೋಧ ಹೆಚ್ಚಿ, ಪಿನ್ ಕಾದು ಪ್ಲಾಸ್ಟಿಕ್ ಕರಗುತ್ತದೆ. ವಿದ್ಯುತ್ ಪ್ರವಾಹ ಮಿತಿಯೊಳಗೇ ಇರುವುದರಿಂದ ಎಂಸಿಬಿ (ಪ್ರವಾಹ ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಗುವುದೇ ಇಲ್ಲ, ಅಪಾಯವಿರುವುದೇ ಅಲ್ಲಿ.

ಮೀಟರ್‌ನಿಂದ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿ, 20 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ಗಟ್ಟಿ ಅರ್ಥಿಂಗ್ ಹಾಕಿಸಿ. ಪ್ಲಗ್ ಕೈಗೆ ಬಿಸಿ ತಾಗಿದರೆ ತಕ್ಷಣ ಚಾರ್ಜಿಂಗ್ ನಿಲ್ಲಿಸಿ. ನಿವಾಸಿಗಳ ಸಂಘಗಳು ಇಂಥ ಲೈನ್‌ಗೆ ಅನುಮತಿ ತಡಮಾಡಬಾರದು.

– ವಿದ್ಯುತ್ ತಂತ್ರಜ್ಞ, ಬೆಂಗಳೂರು